ಟವರ್ ಸಿಗದ ಊರಲ್ಲೂ ಓದಿಗೆ ಒದಗುವ ಆ್ಯಪ್: ಆಂಕಿಡ್ರಾಯ್ಡ್

ಮಳೆಗಾಲದಲ್ಲಿ ಹೊಸನಗರ, ಆಗುಂಬೆ ಕಡೆ ಕರೆಂಟ್ ಹೋದರೆ ಟವರೂ ಹೋದಂತೆಯೇ. ಕೋಚಿಂಗ್‌ಗೆಂದು ಶಿವಮೊಗ್ಗಕ್ಕೆ ಓಡಾಡಲಾಗದೆ ಮನೆಯಲ್ಲೇ ಕೆಎಎಸ್, ಎಫ್‌ಡಿಎಗೆ ಓದುವವರಿಗೆ ಆಂಕಿಡ್ರಾಯ್ಡ್ ಒಗ್ಗುವುದು ಅದಕ್ಕೇ: ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ, ದುಡ್ಡೂ ಬೇಡ. ಇದು ಆಂಡ್ರಾಯ್ಡ್ ಫೋನಿಗಷ್ಟೇ; ಐಫೋನ್‌ನವರು ಅದರ ಬದಲಿನ ಆಂಕಿ ಆ್ಯಪ್‌ಗೆ ಕಾಸು ಬಿಚ್ಚಬೇಕು.

ಆ್ಯಪ್‌ನಲ್ಲಿರುವುದು ಕಾರ್ಡ್‌ಗಳು: ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಉತ್ತರ ನೋಡಿದ ಮೇಲೆ ಎಷ್ಟು ನೆನಪಿತ್ತೆಂದು ಒಂದು ಬಟನ್ ಒತ್ತಿದರೆ, ಆ ಕಾರ್ಡನ್ನು ಮತ್ತೆ ಯಾವಾಗ ತೋರಿಸಬೇಕೆಂದು ಆ್ಯಪ್ ನಿರ್ಧರಿಸುತ್ತದೆ. ಕಾರ್ಡನ್ನು ನೀವೇ ಬರೆದುಕೊಳ್ಳಿ. ಒಂದಕ್ಕೆ ಒಂದೇ ಸಂಗತಿ. ‘ಲಿಂಗನಮಕ್ಕಿ ಬಗ್ಗೆ ಬರೆಯಿರಿ’ ಅಂತ ಹಾಕಿದರೆ, ಅರ್ಧ ನೆನಪಾದಾಗ ಯಾವ ಬಟನ್ ಒತ್ತಬೇಕೆಂದೇ ತಿಳಿಯದು. ‘ಲಿಂಗನಮಕ್ಕಿ ಅಣೆಕಟ್ಟು ಯಾವ ನದಿಗೆ?’ ‘ಶರಾವತಿ’. ಅಷ್ಟು ಸಾಕು.

ಹೆಚ್ಚಿನವರು ಎಡವುವುದು ‘ಹಾರ್ಡ್’ ಬಟನ್ನಿನಲ್ಲಿ. ಅದು ಕಷ್ಟಪಟ್ಟಾದರೂ ನೆನಪಾದದ್ದಕ್ಕೆ. ಮರೆತಾಗಲೂ ಅದನ್ನೇ ಒತ್ತಿದರೆ ಆ್ಯಪ್ ಉತ್ತರ ಸರಿಯೆಂದೇ ಲೆಕ್ಕ ಹಿಡಿದು ಕಾರ್ಡನ್ನು ಮುಂದೂಡುತ್ತದೆ. ಮರೆತಿದ್ದಕ್ಕೆ ‘ಅಗೇನ್’, ಬೇರೆ ಮಾತಿಲ್ಲ.

ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೂಲ ಸೆಟ್ಟಿಂಗ್ ಕೆಲಸದ ಜೊತೆ ಓದುವವರಿಗೆ ಭಾರ. ಬರಬರುತ್ತ ದಿನದ ಪುನರಾವರ್ತನೆಯೇ 200ರ ಹತ್ತಿರ ಹೋಗುತ್ತದೆ. 8–10ಕ್ಕೆ ಇಳಿಸಿ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ವಾರ ತಪ್ಪಿ ರಾಶಿ ಬಿದ್ದರೆ ಹೊಸದನ್ನು 0 ಮಾಡಿ, ಹಳೆಯದನ್ನು ಮುಗಿಸಿ.

ಪ್ರಬಂಧಕ್ಕೆ, ಲೆಕ್ಕಕ್ಕೆ ಇದನ್ನು ನಂಬಬೇಡಿ. ಅದಕ್ಕೆ ಹಳೇ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಎದುರಿಟ್ಟುಕೊಂಡೇ ಕೂರಬೇಕು.