1902ರ ಚಂದ್ರಯಾನ: ಕಪ್ಪು-ಬಿಳುಪೋ, ಬಣ್ಣವೋ?

ಫ್ರಾನ್ಸ್‌ನ ಜಾರ್ಜ್ ಮೆಲಿಯೆಸ್ 1902ರಲ್ಲಿ ತೆಗೆದ ಚಂದ್ರಯಾನದ ಮೂಕಿ ಸಿನಿಮಾ ‘ಎ ಟ್ರಿಪ್ ಟು ದ ಮೂನ್’ ಅನ್ನು ಒಂದೇ ವಾರದಲ್ಲಿ ಮೂರು ಥರ ನೋಡಿದೆ. ಒಂದೊಂದು ಸಲವೂ ಬೇರೆ ಸಿನಿಮಾ ನೋಡಿದ ಹಾಗಾಯಿತು.

ಮೊದಲು ಸುಲಭವಾಗಿ ಸಿಗುವ ಕಪ್ಪು-ಬಿಳುಪು ಪ್ರತಿ. ಒಂಬತ್ತು ನಿಮಿಷಕ್ಕೆ ಮುಗಿದೇ ಹೋಯಿತು. ಎಲ್ಲರೂ ಇರುವೆಗಳ ಥರ ಓಡಾಡುತ್ತಾರೆ. ಸೆಕೆಂಡಿಗೆ ಸುಮಾರು 16 ಫ್ರೇಮ್‌ನಂತೆ (ಫ್ರೇಮ್ ಅಂದರೆ ರೀಲಿನ ಒಂದೊಂದು ಬಿಡಿ ಚಿತ್ರ) ಓಡಬೇಕಾದ ರೀಲನ್ನು 24ರಲ್ಲಿ ಓಡಿಸಿದರೆ ಹಾಗೇ ಆಗುತ್ತದೆ. ವೇಗ ಇಳಿಸಿ ಮತ್ತೆ ನೋಡಿದೆ. ಆಗ ಕಂಡಿತು ಕೈಚಳಕ! ನೆಲಕ್ಕೆ ಊರಿದ ಕೊಡೆ ಅಣಬೆಯಾಗಿ ಬೆಳೆಯುತ್ತದೆ. ಕೊಡೆಯೇಟು ಬಿದ್ದ ಚಂದ್ರವಾಸಿ ಭುಸ್ ಅಂತ ಹೊಗೆಯಾಗಿ ಹೋಗುತ್ತಾನೆ. ಕ್ಯಾಮೆರಾ ನಿಲ್ಲಿಸಿ, ನಟನನ್ನು ಆಚೆ ಕಳಿಸಿ, ಮತ್ತೆ ಓಡಿಸೋದು, ಅಷ್ಟೇ ಗುಟ್ಟು. ಮೆಲಿಯೆಸ್ ಮೊದಲು ಜಾದೂಗಾರ ಅಲ್ವಾ! ನಮ್ಮ ಹಳೇ ಪೌರಾಣಿಕ ಚಿತ್ರಗಳಲ್ಲಿ ದೇವರು ಥಟ್ಟನೆ ಮಾಯವಾಗೋದೂ ಇದೇ ಉಪಾಯದಿಂದ.

ಎರಡನೆಯದು ಬಣ್ಣದ ಪ್ರತಿ. ಈಚೆಗೆ ಯಾರೋ ಕಂಪ್ಯೂಟರಿನಲ್ಲಿ ಬಳಿದ ಬಣ್ಣ ಅಂದುಕೊಳ್ಳಬೇಡಿ. ಆ ಕಾಲದಲ್ಲೇ ಹೆಂಗಸರು ಕುಂಚ ಹಿಡಿದು ಫ್ರೇಮ್ ಫ್ರೇಮಿಗೂ ತುಂಬಿದ್ದು. ಇಲ್ಲಿರುವ ಫ್ರೇಮ್‌ಗಳು 13,375! ಬಣ್ಣ ಅಲ್ಲಲ್ಲಿ ಗೆರೆ ದಾಟಿ ನಡುಗುತ್ತದೆ. ನನಗೆ ಆ ನಡುಕವೇ ಇಷ್ಟ, ಅದರಲ್ಲಿ ಕೈ ಕಾಣುತ್ತದೆ. ಈ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿತು. ಸ್ಪೇನ್‌ನವರಿಗೆಂದೇ ಬಣ್ಣ ಹಾಕಿದ್ದಿರಬೇಕು, ಚಿತ್ರದಲ್ಲಿ ಬೀಸುವ ಬಾವುಟಕ್ಕೆ ಸ್ಪೇನ್‌ನ ಕೆಂಪು, ಹಳದಿ. ವರ್ಷಗಟ್ಟಲೆ ದುಡಿದು ಸರಿಪಡಿಸಿ 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೆಲಿಯೆಸ್ 1923ರಲ್ಲಿ ಬೇಸತ್ತು ತನ್ನ ನೆಗೆಟಿವ್‌ಗಳನ್ನೇ ಸುಟ್ಟುಹಾಕಿದ. ಆಮೇಲೆ ಪ್ಯಾರಿಸ್‌ನ ಮೊಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರಿಕೊಂಡು ಕೂತ. ಹಾಗಾಗಿ ಉಳಿದ ಒಂದೊಂದು ರೀಲೂ ನನಗೆ ಚಿನ್ನ. ಆದರೆ ಇದಕ್ಕೆ ಕೂಡಿಸಿದ ಹೊಸ ಸಂಗೀತ ಜಾಸ್ತಿ ಆಯಿತು. ಚಿತ್ರ ಹಿಂದೆ ಸರಿದು ಡ್ರಮ್ ಮುಂದೆ ಬರುತ್ತದೆ.

ಮೂರನೆಯದು ನಾನೇ ಮಾಡಿಕೊಂಡ ಏರ್ಪಾಡು. ಬಣ್ಣದ ಪ್ರತಿ ಹಾಕಿ, ಸದ್ದು ಪೂರ್ತಿ ತೆಗೆದು, ತಂಗಿಯ ಮಗನಿಗೆ ಕಥೆ ಹೇಳುತ್ತಾ ಹೋದೆ. ಚಿತ್ರದಲ್ಲಿ ಕಥೆ ತಿಳಿಸುವ ಒಂದೂ ಅಕ್ಷರಪಟ್ಟಿ ಇಲ್ಲ. ಅಂದೂ ಪರದೆ ಪಕ್ಕ ಒಬ್ಬರು ನಿಂತು ಕಥೆ ಹೇಳುತ್ತಿದ್ದರು. ಯಾತ್ರಿಕರು ಕೂತ ಫಿರಂಗಿ ಗುಂಡು ಹೋಗಿ ಮನುಷ್ಯಮುಖದ ಚಂದ್ರನ ಕಣ್ಣಿಗೆ ನಾಟಿದಾಗ ಹುಡುಗ ನನ್ನ ತೋಳು ಹಿಡಿದ. "ಮಾವ, ಅವನಿಗೆ ನೋವಾಗಲ್ವಾ?" ಏನು ಹೇಳಬೇಕೋ ತೋಚಲಿಲ್ಲ. ಸುಮ್ನೆ ಅಲ್ಲೇ ನಿಲ್ಲಿಸಿ, ಇಬ್ಬರೂ ಆ ಮುಖವನ್ನೇ ನೋಡುತ್ತಾ ಕೂತೆವು.