ನೀಟ್ ಪಿಜಿ: 200 ಪ್ರಶ್ನೆಯ ಜಿಟಿನಾ, 42 ನಿಮಿಷದ ತುಂಡಾ?

ಎಂಬಿಬಿಎಸ್ ಮುಗಿಸಿದವರು ಎಂಡಿ, ಎಂಎಸ್ ಸೀಟಿಗಾಗಿ ಬರೆಯುವ ನೀಟ್ ಪಿಜಿಯನ್ನು ನಾನು ಎರಡು ಸಲ ಬರೆದೆ. 2023ರ ಮಾರ್ಚ್‌ನಲ್ಲಿ ಹಳೇ ಪದ್ಧತಿ, 2024ರ ಆಗಸ್ಟ್‌ನಲ್ಲಿ ಹೊಸದು. ಎರಡರಲ್ಲೂ 200 ಪ್ರಶ್ನೆ, ಮೂರೂವರೆ ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಟ್. ಬದಲಾಗಿದ್ದು ಇಷ್ಟೇ: ಪೇಪರನ್ನು ಐದು ಸೆಕ್ಷನ್ ಮಾಡಿ, ಒಂದೊಂದಕ್ಕೆ 40 ಪ್ರಶ್ನೆ, 42 ನಿಮಿಷ ಅಂತ ಬೀಗ ಹಾಕಿದರು. ಮುಗಿದ ಸೆಕ್ಷನ್‌ಗೆ ವಾಪಸ್ ಹೋಗುವ ಹಾಗಿಲ್ಲ. ಬೇಗ ಮುಗಿಸಿದೆ ಅಂತ ಮುಂದಕ್ಕೆ ಹೋಗುವ ಹಾಗೂ ಇಲ್ಲ.

ಇದೇನು ಮಹಾ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು. ಹಳೇ ಥರದ ಜಿಟಿಗಳನ್ನೇ (ಗ್ರ್ಯಾಂಡ್ ಟೆಸ್ಟ್, ಅಂದರೆ 200 ಪ್ರಶ್ನೆಯ ಪೂರ್ತಿ ಅಭ್ಯಾಸ ಪರೀಕ್ಷೆ) ಬರೆಯುತ್ತಾ ಹೋದೆ. ಅದರಲ್ಲಿ ನನ್ನ ಅಭ್ಯಾಸ ಗಟ್ಟಿಯಾಗಿತ್ತು. ಗೊತ್ತಿರುವುದನ್ನು ಮೊದಲು ಮುಗಿಸು, ಅನುಮಾನ ಬಂದದ್ದನ್ನೆಲ್ಲ ಮಾರ್ಕ್ ಫಾರ್ ರಿವ್ಯೂಗೆ ಹಾಕು, ಕೊನೆಗೆ ನಿಧಾನವಾಗಿ ನೋಡು. ಎಷ್ಟೋ ಸಲ 170ನೇ ಪ್ರಶ್ನೆ ಓದುವಾಗ 12ನೆಯದರ ಉತ್ತರ ಹೊಳೆಯುತ್ತಿತ್ತು.

ಹೊಸ ಮಾದರಿಯ ಮೊದಲ ಮಾಕ್ ಟೆಸ್ಟ್‌ನಲ್ಲೇ ಈ ಚಟ ಕೈಕೊಟ್ಟಿತು. ಎರಡನೇ ಸೆಕ್ಷನ್‌ನಲ್ಲಿ ಒಂದು ಇಸಿಜಿ ಎದುರು ಕೂತು ಮೂರು ನಿಮಿಷ ಕಳೆದೆ. ಒಂಬತ್ತು ಪ್ರಶ್ನೆ ರಿವ್ಯೂನಲ್ಲಿ ಇದ್ದವು. ಅವುಗಳ ಕಡೆ ತಿರುಗುವಷ್ಟರಲ್ಲಿ ಸ್ಕ್ರೀನ್ ತಾನಾಗೇ ಮೂರನೇ ಸೆಕ್ಷನ್‌ಗೆ ಹಾರಿತು. ಆ ಒಂಬತ್ತರಲ್ಲಿ ನಾಲ್ಕು ನನಗೆ ಗೊತ್ತಿದ್ದವು. 16 ಅಂಕ ಸುಮ್ನೆ ಹೋಯಿತು.

ಆಮೇಲೆ 40 ಪ್ರಶ್ನೆಯ ತುಂಡುಗಳಿಗೆ ಬಂದೆ. ಪ್ರಶ್ನೆಗೆ 63 ಸೆಕೆಂಡ್. ಇದರೊಳಗೂ ಎರಡು ದಾರಿ ಇದೆ. ಒಂದೇ ಸುತ್ತಿನಲ್ಲಿ, ಹಿಂದೆ ನೋಡದೆ, ಪ್ರತಿಯೊಂದಕ್ಕೂ ಅಲ್ಲೇ ತೀರ್ಮಾನ ಮಾಡುವುದು ಒಂದು. ಮೂವತ್ತು ನಿಮಿಷದಲ್ಲಿ ಮೊದಲ ಸುತ್ತು ಮುಗಿಸಿ, ಉಳಿದ ಹನ್ನೆರಡರಲ್ಲಿ ಬಾಕಿಯನ್ನು ನೋಡುವುದು ಇನ್ನೊಂದು. ವಾರಕ್ಕೊಂದರಂತೆ ಎರಡನ್ನೂ ಮಾಡಿ ನೋಡಿದೆ. ನನಗೆ ಎರಡು ಸುತ್ತೇ ಒಗ್ಗಿತು. ಆದರೆ ರಿವ್ಯೂಗೆ ಐದಕ್ಕಿಂತ ಜಾಸ್ತಿ ಹಾಕಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡ ಮೇಲೆ. ನನ್ನ ಗೆಳತಿಗೆ ಒಂದೇ ಸುತ್ತು ಒಳ್ಳೆಯದಾಯಿತು. ಎರಡನೇ ಸಲ ನೋಡಿದರೆ ಅವಳು ಸರಿ ಇದ್ದದ್ದನ್ನೇ ಬದಲಾಯಿಸಿ ಕೆಡಿಸುತ್ತಾಳೆ!

ಖಾಲಿ ಬಿಡುವ ಪದ್ಧತಿಯನ್ನೂ ಬಿಟ್ಟೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದರೂ ಲೆಕ್ಕದ ಪ್ರಕಾರ ಸರಾಸರಿ ಕಾಲು ಅಂಕ ಲಾಭವೇ. ಎರಡನ್ನು ಹೊಡೆದುಹಾಕಲು ಬಂದರೆ ಒಂದೂವರೆ. ಕೊನೆಯ ನಿಮಿಷ ಬರೀ ತುಂಬುವುದಕ್ಕೆ.

ಜೂನ್ 23ಕ್ಕೆ ಇದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ಬ್ಯಾಗು, ಹಾಲ್ ಟಿಕೆಟ್ ಎಲ್ಲ ರೆಡಿ ಇತ್ತು. ಆ ರಾತ್ರಿಯ ಸಿಟ್ಟಿನ ಬಗ್ಗೆ ಬರೆದರೆ ಅದೇ ಒಂದು ಲೇಖನವಾದೀತು, ಬಿಡಿ. ಆಗಸ್ಟ್ 11ರವರೆಗೆ ಏಳು ವಾರ ಸಿಕ್ಕಿತು. ಡ್ಯೂಟಿ ನಡುವೆ ಮೂರೂವರೆ ಗಂಟೆ ಹೊಂದಿಸುವುದು ಕನಸು, 42 ನಿಮಿಷ ಹೇಗೋ ಸಿಗುತ್ತಿತ್ತು. ಆದರೆ ಬರೀ ತುಂಡು ತಿಂದರೆ ದಮ್ಮು ಬರುವುದಿಲ್ಲ. ನಾಲ್ಕನೇ ಸೆಕ್ಷನ್ ಹೊತ್ತಿಗೆ ನನ್ನ ತಲೆ ಓಡುತ್ತಿರಲಿಲ್ಲ. ಅದಕ್ಕೇ ವಾರಕ್ಕೊಂದು ಪೂರ್ತಿ ಜಿಟಿ ಉಳಿಸಿಕೊಂಡೆ, ಅದೂ ಬೀಗ ಹಾಕಿದ್ದು. ಬೀಗವಿಲ್ಲದ ಹಳೇ ಜಿಟಿಗಳನ್ನು ಆಮೇಲೆ ಪ್ರಶ್ನೆ ಓದುವುದಕ್ಕಷ್ಟೇ ಬಳಸಿದೆ.

ಪರೀಕ್ಷೆಯ ದಿನ ಮೂರನೇ ಸೆಕ್ಷನ್ ನಾಲ್ಕು ನಿಮಿಷ ಮೊದಲೇ ಮುಗಿಯಿತು. ಮಾಡಲು ಏನೂ ಇಲ್ಲ. ಗಡಿಯಾರ ಇಳಿಯುವುದನ್ನು ನೋಡುತ್ತಾ ಕೂತೆ. ಐದನೆಯದರಲ್ಲಿ ಮೂರು ಪ್ರಶ್ನೆಗೆ ಓದದೇ ಉತ್ತರ ಒತ್ತಿದೆ.