ಬಳ್ಳಾರಿ ಜಾಲಿ ಮುಳ್ಳಿಗೆ ಯಾವುದು: ಟ್ಯೂಬೋ, ಟ್ಯೂಬ್‌ಲೆಸ್ಸೋ?

ಆನೆಗೊಂದಿಯ ಬಂಡೆದಾರಿಗೆ ಮೊದಲ ಸಲ ಮೌಂಟೇನ್ ಬೈಕ್ ಒಯ್ದು, ಪಂಚರಾಗಿ ತಳ್ಳಿಕೊಂಡು ಬಂದವರ ಪ್ರಶ್ನೆಯಿದು. ಅಲ್ಲಿ ಕಾಟ ಎರಡು: ಬಳ್ಳಾರಿ ಜಾಲಿಯ ಮುಳ್ಳು, ಗ್ರಾನೈಟಿನ ಅಂಚು.

ಮುಳ್ಳಿಗೆ ಬರೀ ಟ್ಯೂಬ್ ತಡೆಯದು. ಮುರಿದ ಮೊನೆ ಟೈರಿನೊಳಗೇ ಉಳಿದರೆ ಹೊಸ ಟ್ಯೂಬನ್ನೂ ಚುಚ್ಚುತ್ತದೆ; ಒಳಮೈಗೆ ಬಟ್ಟೆ ಸವರಿ ಹುಡುಕಲೇಬೇಕು. ಟ್ಯೂಬಿಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿದರೆ ಸಣ್ಣ ತೂತು ತಾನೇ ಮುಚ್ಚುತ್ತದೆ. ಆದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ಸೀಳು ಬಿದ್ದರೆ ಸೀಲೆಂಟಿಗೂ ಆಗದ ಕೆಲಸ. ಅದಕ್ಕೆಂದು ಗಾಳಿ ಹೆಚ್ಚಿಸಿದಿರೋ, ಬಂಡೆಯ ಮೇಲೆ ಹಿಡಿತ ಹೋಯಿತು. ಟ್ಯೂಬ್‌ಲೆಸ್ಸಿನಲ್ಲಿ ಟೈರೇ ರಿಮ್ಮಿಗೆ ಬಿಗಿದು ಗಾಳಿ ಹಿಡಿಯುತ್ತದೆ, ಮುಳ್ಳಿನ ತೂತನ್ನು ಒಳಗಿನ ಸೀಲೆಂಟ್ ಮುಚ್ಚುತ್ತದೆ; ಸಿಕ್ಕಲು ಟ್ಯೂಬೇ ಇಲ್ಲ, ಹಾಗಾಗಿ 70 ಕೆ.ಜಿ. ಸವಾರರು ಗಾಳಿಯ ಒತ್ತಡವನ್ನು 30ರ ಬದಲು 24 ಪಿಎಸ್‌ಐ ಸುಮಾರಿಗೆ ಇಳಿಸಬಹುದು.

ಖರ್ಚು ಮಾತ್ರ ಅದರದೇ ಜಾಸ್ತಿ. ಒಪ್ಪುವ ರಿಮ್, ಟೈರು, ರಿಮ್ಮಿಗೆ ಸುತ್ತುವ ಟೇಪು, ವಾಲ್ವು ಎಲ್ಲ ಬೇಕು. 29 ಇಂಚಿನ ಟೈರಿಗೆ 100 ಮಿ.ಲೀ. ಸೀಲೆಂಟ್, ನಮ್ಮ ಬಿಸಿಲಿಗೆ ಎರಡು ತಿಂಗಳಲ್ಲೇ ಒಣಗೀತು, ನೋಡಿ ತುಂಬಬೇಕು. ಟೈರಿನ ಅಂಚನ್ನು ರಿಮ್ಮಿಗೆ ಕೂರಿಸಲು ಪಂಚರ್ ಅಂಗಡಿಯ ಕಂಪ್ರೆಸರ್ ಆದೀತು, ಪ್ರೆಸ್ಟಾ ವಾಲ್ವಿನ (ಸೈಕಲ್ಲಿನ ಸಪೂರ ವಾಲ್ವು) ಅಡಾಪ್ಟರ್ ಜೇಬಲ್ಲಿರಲಿ.

ತಿಂಗಳಿಗೊಮ್ಮೆ ಹೋಗುವವರಿಗೆ ಸೀಲೆಂಟ್ ಹಾಕಿದ ಟ್ಯೂಬ್ ಸಾಕು. ವಾರವಾರ ಬಂಡೆಗೆ ಹೋಗುವವರಿಗೆ ಟ್ಯೂಬ್‌ಲೆಸ್. ಗಂಗಾವತಿಯ ಡಾಂಬರು ರಸ್ತೆಯಷ್ಟೇ ಆದರೆ ಬರೀ ಟ್ಯೂಬ್. ಟ್ಯೂಬ್‌ಲೆಸ್ ದೊಡ್ಡದಾಗಿ ಸೀಳಿ, ದಾರಿಯಲ್ಲಿ ಟ್ಯೂಬ್ ತೂರಿಸುವ ಹೊತ್ತು ಬಂದರೆ, ಟೈರಿನಲ್ಲಿ ನೆಟ್ಟು ಕೂತ ಹಳೇ ಮುಳ್ಳುಗಳನ್ನೆಲ್ಲ ಮೊದಲು ಕೀಳಿ.